ಕಳೆದಿದೆ: ಸಹಪಾಠಿಗಳು, ಇಬ್ಬರು

ನಮ್ಮ ವಿಶ್ವವಿದ್ಯಾಲಯಕ್ಕೆ ನಾಲ್ಕು ಕ್ಯಾಂಪಸ್ಸುಗಳಿವೆ. ಅವುಗಳ ಸಂಬಂಧ ಎಣ್ಣೆ ಸೀಗೆಕಾಯಿ. ದೊಡ್ಡ ಕ್ಯಾಂಪಸ್ಸಿನವರಿಗೆ ತಾವೇ ವಿಶ್ವವಿದ್ಯಾಲಯ, ಉಳಿದ ಮೂರು ಹಿತ್ತಲು ಎಂಬ ಭಾವ. ಹೊಳೆದಂಡೆಯವರು ತಮ್ಮಲ್ಲಿ ಗಾಳಿ ಚೆನ್ನಾಗಿದೆ ಎಂದು ಹೇಳಿಕೊಂಡೇ ಮೂವತ್ತು ವರ್ಷ ಕಳೆದಿದ್ದಾರೆ. ಹಳೇ ಗಿರಣಿಯ ಕಟ್ಟಡದಲ್ಲಿರುವವರಿಗೆ ಸೂರು ಸೋರುವುದೇ ಒಂದು ಹೆಮ್ಮೆ. ಗುಡ್ಡದ ಮೇಲೆ ಒಂದು ಕ್ಯಾಂಪಸ್ ಇದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಈ ನಾಲ್ಕೂ ಕಡೆಯ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಪರಿಚಯವಾಗಲಿ, ಕೂಡಿ ಓದಲಿ, ಅದಕ್ಕೊಂದು ಆ್ಯಪ್ ಬೇಕು ಎಂದು ಕುಲಪತಿಗಳಿಗೆ ಹೊಳೆಯಿತು. ಹೊಳೆದದ್ದು ಅವರಿಗೆ, ಬೆವರಿದ್ದು ನಾನು. ಗಣಕ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವವಳು ನಾನೊಬ್ಬಳೇ; ಉಳಿದವರು ಯಾವಾಗ ಕೇಳಿದರೂ ಪ್ರಿಂಟರ್ ರಿಪೇರಿಗೆ ಹೋಗಿರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನಕ್ಕ ಹೇಳುತ್ತಾಳೆ. ಈ ಕತೆ ಕೇಳಿದ ಮೇಲೆ ಅದು ಅಲ್ಲಿರುವುದು ಸರಿಯೋ ತಪ್ಪೋ ನೀವೇ ಹೇಳಿ.

ಮೊದಲು ಹನ್ನೊಂದು ಜನರ ಸಮಿತಿಯಾಯಿತು. ಆ್ಯಪಿಗೆ ಹೆಸರಿಡುವುದಕ್ಕೆ ಐದು ಸಭೆ ಹಿಡಿಯಿತು. ಕೊನೆಗೆ ‘ಕೊಂಡಿ’ ಎಂದಾಯಿತು. ಚೇಳಿಗೂ ಕೊಂಡಿ ಇರುತ್ತದೆ ಎಂದು ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಲಿಲ್ಲ. ನಾಲ್ಕು ಕ್ಯಾಂಪಸ್ಸುಗಳ ಹೆಸರನ್ನು ಯಾವ ಕ್ರಮದಲ್ಲಿ ತೋರಿಸಬೇಕು ಎಂಬುದಕ್ಕೆ ಇನ್ನೂ ಮೂರು ಸಭೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ, ತೆರೆಯ ಮೇಲೆ ನಾಲ್ಕೂ ಹೆಸರು ಚಕ್ರದ ಹಾಗೆ ಸುತ್ತುತ್ತಿರಲಿ ಎಂದು ತೀರ್ಮಾನಿಸಿದರು. ತಮ್ಮ ಕ್ಯಾಂಪಸ್ಸನ್ನು ಒತ್ತಬೇಕಾದವರು ಅದು ಸುತ್ತಿ ಬರುವ ತನಕ ಬೆರಳೆತ್ತಿಕೊಂಡು ಕಾಯಬೇಕು. ಇವತ್ತಿಗೂ ಹಾಗೇ ಇದೆ, ಬೇಕಾದರೆ ಬಂದು ನೋಡಿ.

ಸಮಿತಿಯ ಅಧ್ಯಕ್ಷರು ಕುಲಸಚಿವರು. ಕೆಟ್ಟವರಲ್ಲ. ಕಾಗದದ ನಡುವೆ ಇದ್ದು ಇದ್ದು, ಕಾಗದದ ಮೇಲಿಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿಬಿಟ್ಟವರು. ‘ಮುಖಾಂತರ’ ಎಂಬ ಮಾತು ಅವರಿಗೆ ಉಸಿರು. ಯಾವುದೇ ಅರ್ಜಿ ಒಬ್ಬರ ಮುಖಾಂತರ ಇನ್ನೊಬ್ಬರಿಗೆ, ಅವರ ಮುಖಾಂತರ ಮತ್ತೊಬ್ಬರಿಗೆ ಹೋಗಬೇಕು. ನೇರವಾಗಿ ಬಂದ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಡುತ್ತಾರೆ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಮುಖಾಂತರ ಸಾಹೇಬರು ಎನ್ನುತ್ತೇವೆ.

ನಾನು ಮಾದರಿ ತೋರಿಸಿದ ದಿನ ಅವರು ಕನ್ನಡಕ ತೆಗೆದು ಕೇಳಿದರು: “ಮೇಡಂ, ಈ ಕ್ಯಾಂಪಸ್ಸಿನ ವಿದ್ಯಾರ್ಥಿ ಆ ಕ್ಯಾಂಪಸ್ಸಿನ ವಿದ್ಯಾರ್ಥಿಗೆ ಬರೀತಾನೆ ಅಂತೀರಿ. ಯಾರ ಮುಖಾಂತರ?”

“ಯಾರ ಮುಖಾಂತರಾನೂ ಇಲ್ಲ ಸಾರ್. ನೇರ.”

ಸಭೆಯಲ್ಲಿ ಯಾರೋ ಕೆಮ್ಮಿದರು. ನಾನು ಏನೋ ಅಶ್ಲೀಲ ಆಡಿದೆ ಎಂಬಂತೆ ಗ್ರಂಥಪಾಲಕಿ ನೆಲ ನೋಡಿದರು.

ಅಂದು ಆರು ಮೆಟ್ಟಿಲುಗಳು ಹುಟ್ಟಿದವು. ವಿದ್ಯಾರ್ಥಿ ಬರೆದದ್ದನ್ನು ಅವನ ಮೇಷ್ಟ್ರು ಒಪ್ಪಬೇಕು, ಆಮೇಲೆ ವಿಭಾಗದ ಮುಖ್ಯಸ್ಥರು, ಆಮೇಲೆ ಕ್ಯಾಂಪಸ್ಸಿನ ನಿರ್ದೇಶಕರು. ಅಲ್ಲಿಂದ ಆಚೆ ಕ್ಯಾಂಪಸ್ಸಿನ ನಿರ್ದೇಶಕರು, ಮುಖ್ಯಸ್ಥರು, ಮೇಷ್ಟ್ರು. ಇಷ್ಟೂ ಜನ ಒಪ್ಪಿದರೆ ಆಚೆಯವನಿಗೆ ಕಾಣುತ್ತದೆ. ನಾನು ಒಂದು ಸಲ ಬೇಡವೆಂದೆ, ಎರಡನೇ ಸಲ ಗೊಣಗಿದೆ, ಮೂರನೇ ಸಲ ಕೂತು ಆರು ಚೌಕ ಬರೆದು ಬಾಣ ಎಳೆದೆ. ಬಾಣಗಳು ಸಣ್ಣ ತೆರೆಯ ಮೇಲೂ ಚೆನ್ನಾಗಿ ಕೂತವು ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಮಿತಿಯ ಹನ್ನೊಂದನೆಯ ಸದಸ್ಯರು ಕಾವಲು ವಿಭಾಗದ ಮೇಲ್ವಿಚಾರಕರು. ಯಾವ ಸೈನ್ಯದಲ್ಲೂ ಇದ್ದವರಲ್ಲ, ಆದರೆ ಮೀಸೆ, ನಡಿಗೆ, ಮಾತು ನೋಡಿ ಎಲ್ಲರೂ ಜನರಲ್ ಎನ್ನುತ್ತಿದ್ದರು. ಹತ್ತು ಸಭೆಯಲ್ಲಿ ನೆಟ್ಟಗೆ ಕೂತು ಏನೂ ಆಡದೆ, ಹನ್ನೊಂದನೆಯದರಲ್ಲಿ ಎದ್ದು ನಿಂತರು. “ನಮ್ಮ ಕಳೆದ ವಸ್ತುಗಳ ರಿಜಿಸ್ಟರನ್ನ ಇಲಿ ತಿಂತಾ ಇದೆ. ಅದನ್ನೂ ಇದರೊಳಗೆ ಹಾಕಿಬಿಡಿ ಮೇಡಂ, ಇಲಿಗೆ ಸಿಗದ ಹಾಗೆ.” ಛತ್ರಿ, ನೀರಿನ ಬಾಟಲಿಗಳ ವಿಷಯ ಚರ್ಚಿಸುವುದು ತಮ್ಮ ಘನತೆಗೆ ತಕ್ಕದ್ದಲ್ಲವೆಂದು ಉಳಿದವರು ಚಹಾಕ್ಕೆ ಎದ್ದರು. ಹಾಗಾಗಿ ಆ ಪುಟಕ್ಕೆ ಯಾರ ಮುಖಾಂತರವೂ ಬೀಳಲಿಲ್ಲ. ಅರ್ಧ ದಿನದಲ್ಲಿ ಮಾಡಿ ಮುಗಿಸಿದೆ. ಕಳೆದವರು ಬರೆಯುತ್ತಾರೆ, ಸಿಕ್ಕವರು ಕೆಳಗೆ ಬರೆಯುತ್ತಾರೆ, ನಾಲ್ಕೂ ಕಡೆ ಎಲ್ಲರಿಗೂ ಕಾಣುತ್ತದೆ. ಆದರೂ ಜನರಲ್ ಹಳೆಯ ರಿಜಿಸ್ಟರನ್ನು ಬಿಡಲಿಲ್ಲ. ಆ್ಯಪಿನಲ್ಲಿ ಬಂದದ್ದನ್ನೆಲ್ಲ ದಿನಾ ಮಧ್ಯಾಹ್ನ ಕೂತು ಅದರಲ್ಲಿ ನಕಲು ಮಾಡುತ್ತಿದ್ದರು.

ಕೊಂಡಿ ಶುರುವಾದ ಮೊದಲ ತಿಂಗಳು, ಓದಿನ ಜೊತೆಗಾರರನ್ನು ಕೇಳಿ ಬಂದ ಅರ್ಜಿಗಳು ಹದಿನಾಲ್ಕು. ಆರೂ ಮೆಟ್ಟಿಲು ಹತ್ತಿದ್ದು ಒಂದು. ಅದರಲ್ಲಿ ‘ನಮಸ್ಕಾರ’ ಎಂದಷ್ಟೇ ಇತ್ತು. ಅದಕ್ಕೂ ಇಬ್ಬರು ನಿರ್ದೇಶಕರು ‘ವಿವರ ಸಾಲದು’ ಎಂದು ಷರಾ ಬರೆದಿದ್ದರು. ಕಳೆದ ವಸ್ತುಗಳ ಪುಟದಲ್ಲಿ ಅದೇ ತಿಂಗಳು ಬಿದ್ದ ದಾಖಲೆ ಒಂದು ಸಾವಿರದ ಒಂಬೈನೂರು.

ಮೊದಲು ನನಗೆ ಅರ್ಥವಾಗಲಿಲ್ಲ. ನಾಲ್ಕು ಕ್ಯಾಂಪಸ್ಸಿನ ಮಕ್ಕಳೆಲ್ಲ ಏಕಕಾಲಕ್ಕೆ ಛತ್ರಿ ಕಳೆದುಕೊಂಡರೇ ಎಂದುಕೊಂಡೆ. ತೆರೆದು ನೋಡಿದರೆ ಒಬ್ಬ ಬರೆದಿದ್ದ: “ಕಳೆದಿದೆ: ನಿದ್ದೆ. ಸ್ಥಳ: ಹಾಸ್ಟೆಲ್, ಎರಡನೇ ಮಹಡಿ.” ಕೆಳಗೆ ಹೊಳೆದಂಡೆಯಿಂದ ಉತ್ತರ: “ನಿಮ್ಮ ನಿದ್ದೆ ನಮ್ಮ ಇತಿಹಾಸದ ತರಗತಿಯಲ್ಲಿ ಸಿಕ್ಕಿದೆ. ಬಂದು ತೆಗೆದುಕೊಂಡು ಹೋಗಿ, ನಮಗೆ ಜಾಗ ಸಾಲುತ್ತಿಲ್ಲ.” ಇನ್ನೊಬ್ಬಳು ಭೌತಶಾಸ್ತ್ರದ ಮೂರನೇ ಅಧ್ಯಾಯದ ಅರ್ಥ ಕಳೆದುಕೊಂಡಿದ್ದಳು. ಗಿರಣಿಯವನೊಬ್ಬ ಅದು ತನಗೆ ಸಿಕ್ಕಿದೆಯೆಂದು ನಲವತ್ತು ಸಾಲಿನಲ್ಲಿ ಹಿಂದಿರುಗಿಸಿದ್ದ. ನಾನು ಓದಿದ ಭೌತಶಾಸ್ತ್ರದಲ್ಲೂ ಅಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಐದು ತಿಂಗಳು ಹಗಲೆಲ್ಲ ಕೂತು ಕಟ್ಟಿದ ಮನೆಯಲ್ಲಿ ಯಾರೂ ಕಾಲಿಡದೆ, ಎಲ್ಲರೂ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಹೋಗಿ ಹರಟುತ್ತಿದ್ದರೆ ಯಾರಿಗೆ ಉರಿಯುವುದಿಲ್ಲ. ನೆಟ್ಟಗೆ ಜನರಲ್ ಕೋಣೆಗೆ ಹೋದೆ.

“ಸುಳ್ಳು ದಾಖಲೆಗಳನ್ನೆಲ್ಲ ಅಳಿಸಿಬಿಡೋಣ ಸಾರ್. ನಿದ್ದೆ ಒಂದು ವಸ್ತುನಾ?”

ಅವರು ರಿಜಿಸ್ಟರಿನಿಂದ ತಲೆ ಎತ್ತಿದರು. ನಿದ್ದೆಯನ್ನೂ ನಕಲು ಮಾಡಿ ಮುಗಿಸಿದ್ದರು, ಗುರುತಿನ ಚಿಹ್ನೆಯ ಕಾಲಂನಲ್ಲಿ ‘ತಿಳಿದಿಲ್ಲ’ ಎಂದಿತ್ತು. “ಕಳೆದಿಲ್ಲ ಅಂತ ಹೇಳೋಕೆ ನಾವು ಯಾರು ಮೇಡಂ? ಕಳ್ಕೊಂಡೋರು ಹೇಳಬೇಕು. ನಮ್ಮ ಕೆಲಸ ದಾಖಲು ಮಾಡೋದು, ಹುಡುಕೋದು.”

ಮಾತಾಡಿ ಪ್ರಯೋಜನವಿಲ್ಲವೆಂದು ಬಂದುಬಿಟ್ಟೆ. ಅದಾಗಿ ವಾರಕ್ಕೆ ಅಕ್ಕನ ಮಗಳ ಫೋನ್ ಬಂತು.

ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಮೂರು ವರ್ಷದವಳಿದ್ದಾಗಿಂದ ಮಣ್ಣಿನ ಹುಚ್ಚು. ಬೇರೆ ಮಕ್ಕಳು ಮಣ್ಣು ತಿಂದು ಏಟು ತಿಂದರೆ ಇವಳು ತಿಂದು, ನಿನ್ನೆಯದಕ್ಕಿಂತ ಇವತ್ತಿನದು ಉಪ್ಪು ಜಾಸ್ತಿ ಎಂದು ಹೇಳಿ ಏಟು ತಿಂದವಳು. ಹಟ ಮಾಡಿ ಗುಡ್ಡದ ಕ್ಯಾಂಪಸ್ಸಿಗೆ ಮಣ್ಣು ವಿಜ್ಞಾನ ಓದಲು ಹೋಗಿದ್ದಳು. ಅಲ್ಲಿ ತರಗತಿಯ ಹಿಂದೆ ಆಳೆತ್ತರದ ಒಂದು ಗುಂಡಿ ಇದೆ. ಅದರ ಗೋಡೆಯಲ್ಲಿ ಮೇಲೆ ಕಪ್ಪು, ಕೆಳಗೆ ಕಂದು, ಅದರ ಕೆಳಗೆ ಇಟ್ಟಿಗೆ ಕೆಂಪು, ತಳದಲ್ಲಿ ಬೂದಿ ಬಣ್ಣ. ಆ ಗುಂಡಿಯ ಫೋಟೋವನ್ನು ಅವಳು ಎಲ್ಲರಿಗೂ ಕಳಿಸುತ್ತಾಳೆ. “ಮಣ್ಣು ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ, ಮನೆ ಮುಂದೆ ಇರಲಿಲ್ವಾ?” ಎನ್ನುತ್ತಾಳೆ ಅಕ್ಕ, ಆದರೆ ಆ ಫೋಟೋವನ್ನು ಬಂದವರಿಗೆಲ್ಲ ತೋರಿಸುತ್ತಾಳೆ.

ತರಗತಿಯಲ್ಲಿ ಇರುವುದು ಅವಳೊಬ್ಬಳೇ. ಮೇಷ್ಟ್ರು ಕಟ್ಟೆಯ ಮೇಲೆ ನಿಂತು “ಪ್ರಿಯ ವಿದ್ಯಾರ್ಥಿಗಳೇ” ಎಂದು ಶುರು ಮಾಡುತ್ತಾರಂತೆ. ಪ್ರಶ್ನೆ ಕೇಳಿ, ಯಾರು ಹೇಳುತ್ತೀರಿ ಎಂದು ಆಚೀಚೆ ನೋಡುತ್ತಾರಂತೆ. ಇವಳು ಮೊದಮೊದಲು ನಗುತ್ತಾ ಹೇಳುತ್ತಿದ್ದವಳು ಆಮೇಲೆ ಅದನ್ನು ಹೇಳುವುದನ್ನು ಬಿಟ್ಟಳು.

“ಚಿಕ್ಕಮ್ಮ, ನಮ್ಮ ವಿಷಯ ರದ್ದು ಮಾಡ್ತಾರಂತೆ” ಎಂದಳು ಫೋನಿನಲ್ಲಿ. ದನಿ ಸಣ್ಣಗಿತ್ತು. “ಮೂರು ಜನ ಇಲ್ದಿದ್ರೆ ನಡೆಸೋಲ್ಲ ಅಂತೆ. ನನ್ನನ್ನ ಕಚೇರಿ ನಿರ್ವಹಣೆಗೆ ಹಾಕ್ತಾರಂತೆ.”

ನಿಯಮ ಹೀಗಿತ್ತು: ಬೇರೆ ಬೇರೆ ಕ್ಯಾಂಪಸ್ಸಿನಲ್ಲಿ ಅದೇ ವಿಷಯ ತೆಗೆದುಕೊಂಡವರು ಸೇರಿ ಮೂವರಾದರೆ ಗುಡ್ಡದಲ್ಲೇ ತರಗತಿ ನಡೆಯುತ್ತದೆ. ಆದರೆ ತಿಂಗಳ ಕೊನೆಯ ದಿನ ಸಂಜೆ ಐದರೊಳಗೆ ಅವರು ಒಬ್ಬರನ್ನೊಬ್ಬರು ಕಂಡು ಒಪ್ಪಿದ್ದಕ್ಕೆ ಸಹಿ, ಮೊಹರು ಇರುವ ದಾಖಲೆ ಬೇಕು. ಆಚೆ ಇಬ್ಬರು ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಂದೇ ವಿಷಯಕ್ಕೆ ನಾಲ್ಕು ಕಡೆ ನಾಲ್ಕು ಹೆಸರು. ಹೊಳೆದಂಡೆಯವರು ಅದನ್ನು ಭೂಗುಣ ಅಧ್ಯಯನ ಎಂದರೆ ಗಿರಣಿಯವರು ನೆಲದ ವಿಜ್ಞಾನ ಎನ್ನುತ್ತಾರೆ.

“ಕೊಂಡಿಯಲ್ಲಿ ಅರ್ಜಿ ಹಾಕು” ಎಂದೆ.

“ಹಾಕಿ ಹನ್ನೆರಡು ದಿನ ಆಯ್ತು. ‘ಪರಿಶೀಲನೆಯಲ್ಲಿದೆ’ ಅಂತಾನೇ ತೋರಿಸ್ತಾ ಇದೆ. ನಮ್ಮ ನಿರ್ದೇಶಕರು ರಜದಲ್ಲಿದ್ದಾರೆ. ಅವರು ಬರೋದು ಮುಂದಿನ ತಿಂಗಳು ಐದಕ್ಕೆ.”

ಮೂರನೇ ಚೌಕ. ನಾನೇ ಬರೆದದ್ದು, ಬಾಣ ಸಮೇತ. ತಾವು ತೋಡಿದ ಗುಂಡಿಗೆ ತಾವೇ ಬೀಳುತ್ತಾರೆ ಎನ್ನುತ್ತಾರೆ. ನಾನು ತೋಡಿದ್ದಕ್ಕೆ ನನ್ನ ಅಕ್ಕನ ಮಗಳು ಬಿದ್ದಿದ್ದಳು. ಹತ್ತು ನಿಮಿಷಕ್ಕೆ ಅಕ್ಕನ ಫೋನೂ ಬಂತು.

“ಆ ದರಿದ್ರದ ಆ್ಯಪ್ ಮಾಡಿದ್ದು ನೀನಂತಲ್ಲೇ?”

“ಸಮಿತಿ ಹೇಳ್ತು, ನಾನು ಮಾಡಿದೆ.”

“ಸಮಿತಿ ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ? ನನ್ನ ಹತ್ರ ಆದ್ರೆ ಮೂರು ಹೊತ್ತೂ ಎದುರು ಮಾತಾಡ್ತೀಯ, ಅಲ್ಲಿ ಬಾಯಿ ಬಿದ್ದುಹೋಗಿತ್ತಾ? ಮಗು ಸರಿಯಾಗಿ ಊಟ ಮಾಡ್ತಿಲ್ಲ ಕಣೇ.”

ಮರುದಿನ ಮುಖಾಂತರ ಸಾಹೇಬರ ಮುಂದೆ ನಿಂತೆ. ಮೂರನೇ ಮೆಟ್ಟಿಲನ್ನು ಒಂದೇ ಒಂದು ಸಲ ದಾಟಿಸಲು ಅಪ್ಪಣೆ ಕೊಡಿ ಎಂದೆ. ಅವರು ಹೆಸರು ಕೇಳಿದರು, ಸಂಬಂಧ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಹೇಳಬೇಕಿತ್ತು.

“ಸ್ವಂತ ಅಕ್ಕನ ಮಗಳ ಅರ್ಜಿ ಅಂದ್ಮೇಲೆ ನೀವು ಅದನ್ನ ಮುಟ್ಟೋ ಹಾಗೇ ಇಲ್ಲ ಮೇಡಂ. ಒಳಗೆ ಇಣುಕಿ ನೋಡೋ ಹಾಗೂ ಇಲ್ಲ. ಮುಟ್ಟೋದಿಲ್ಲ ಅಂತ ಒಂದು ಬರಹ ಕೊಟ್ಟುಬಿಡಿ.” ಕೊಟ್ಟೆ. ಅದನ್ನೂ ನಮ್ಮ ವಿಭಾಗದ ಮುಖ್ಯಸ್ಥರ ಮುಖಾಂತರ ಕೊಡಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ.

ಸಂಜೆ ಗುಬ್ಬಿಗೆ ಫೋನ್ ಮಾಡಿ, ನನ್ನ ಕೈ ಕಟ್ಟಿಹಾಕಿದ್ದಾರೆ ಕಂದ ಎಂದೆ. “ಇರಲಿ ಬಿಡು ಚಿಕ್ಕಮ್ಮ, ನೀನೇನು ಮಾಡ್ತೀಯ” ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಊಟ ನನಗೂ ಸೇರಲಿಲ್ಲ.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ ಕಚೇರಿಗೆ ಬಂದರೆ ಗೇಟಿನಲ್ಲಿ ದೊಡ್ಡ ಸಾಲು. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗ್ರಂಥಪಾಲಕಿ ಎಲ್ಲರೂ ಶಾಲೆಯ ಮಕ್ಕಳ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಾರೆ. ಕಾವಲುಗಾರನ ಕೈಯಲ್ಲಿ ಒಂದು ಭೂತಗನ್ನಡಿ.

“ಉಗುರು ತೋರಿಸಿ ಮೇಡಂ.”

“ಯಾಕೆ?”

“ಮೇಲಿನವರ ಆರ್ಡರ್.” ನನ್ನ ಹತ್ತೂ ಉಗುರು ನೋಡಿ, ಒಂದನ್ನು ಎರಡು ಸಲ ನೋಡಿ, “ಇದು ಹಿಟ್ಟು. ನೀವಲ್ಲ, ಹೋಗಿ” ಎಂದ. ಹಿಂದೆ ನಿಂತಿದ್ದವರು ನಕ್ಕರು. ಬೆಳಿಗ್ಗೆ ಹಿಟ್ಟು ಕಲಸಿ, ಕೈ ಸರಿಯಾಗಿ ತೊಳೆಯದೆ ಬಂದಿದ್ದು ನಿಜ. ನಾನು ಕೆಂಡವಾಗಿ ಜನರಲ್ ಕೋಣೆಗೆ ನುಗ್ಗಿದೆ.

ಅವರು ಎದ್ದು ನಿಂತು, ನನ್ನ ಬೈಗುಳ ಪೂರ್ತಿ ಕೇಳಿ, ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ದಾಖಲೆ ಸಂಖ್ಯೆ ಎರಡು ಸಾವಿರದ ಮುನ್ನೂರ ಆರು.

“ಕಳೆದಿದೆ: ಸಹಪಾಠಿಗಳು, ಇಬ್ಬರು. ಕಳೆದ ಸ್ಥಳ: ಗೊತ್ತಿಲ್ಲ, ನಾನಿನ್ನೂ ಅವರನ್ನು ನೋಡಿಲ್ಲ. ಗುರುತಿನ ಚಿಹ್ನೆ: ಉಗುರಿನ ಸಂದಿಯಲ್ಲಿ ಮಣ್ಣಿರುತ್ತದೆ. ಜೇಬಿನಲ್ಲೋ ಊಟದ ಡಬ್ಬಿಯಲ್ಲೋ ಮಣ್ಣಿನ ಪೊಟ್ಟಣ ಇರಬಹುದು. ಮಳೆ ಬಂದರೆ ಎಲ್ಲರೂ ಆಕಾಶ ನೋಡುವಾಗ ಇವರು ನೆಲ ನೋಡುತ್ತಾರೆ. ಬೇಕಾದ ಕೊನೆಯ ದಿನಾಂಕ: ಈ ತಿಂಗಳ ಮೂವತ್ತು. ಗುಡ್ಡದ ಕ್ಯಾಂಪಸ್.”

ಹೆಸರು ಓದುವ ಅಗತ್ಯವಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ.

“ನಾನೂ ಮೊದಲು ಯೋಚನೆ ಮಾಡಿದೆ” ಎಂದರು ಜನರಲ್. “ಇನ್ನೂ ನೋಡದೇ ಇರೋದು ಕಳೆಯೋದು ಹೇಗೆ ಅಂತ. ಆದ್ರೆ ಗುರುತು ಎಷ್ಟು ಖಚಿತವಾಗಿ ಬರೆದಿದ್ದಾಳೆ ನೋಡಿ. ಛತ್ರಿ ಕಳ್ಕೊಂಡೋರು ಯಾರೂ ಹೀಗೆ ಬರೆಯಲ್ಲ. ‘ಕಪ್ಪು’ ಅಂತಾರೆ, ಎಲ್ಲಾ ಛತ್ರೀನೂ ಕಪ್ಪೇ. ಅದಕ್ಕೇ ನಾಲ್ಕೂ ಗೇಟಿಗೆ ಸುತ್ತೋಲೆ ಕಳಿಸಿದೆ.”

“ಮಕ್ಕಳು ಅದನ್ನ ತಮಾಷೆಗೆ ಬಳಸ್ತಾರೆ ಅಂತ ಗೊತ್ತಿಲ್ವಾ ಸಾರ್ ನಿಮಗೆ?”

“ಈ ಹುಡುಗಿ ತಮಾಷೆಗೆ ಬರೆದಿದ್ದಾಳೆ ಅಂತೀರಾ?”

ಅಲ್ಲವೆಂದು ತಲೆಯಾಡಿಸಿದೆ. ಅವಳು ನನಗೇನಾಗಬೇಕು ಎಂದು ಹೇಳಲಿಲ್ಲ. ಹೇಳಿದರೆ ಇವರೂ ಬರಹ ಬರೆಸಿಕೊಂಡಾರು ಎಂಬ ಹೆದರಿಕೆ.

ಮುಂದಿನ ಐದು ದಿನ ನಾಲ್ಕೂ ಕ್ಯಾಂಪಸ್ಸಿನಲ್ಲಿ ನಡೆದದ್ದನ್ನು ಜನ ಇನ್ನೂ ಹೇಳಿಕೊಂಡು ನಗುತ್ತಾರೆ. ಗಿರಣಿ ಕ್ಯಾಂಪಸ್ಸಿನ ಗೇಟಿನಲ್ಲಿ ಒಂದೇ ಬೆಳಿಗ್ಗೆ ಏಳು ಜನ ಸಿಕ್ಕಿಬಿದ್ದರು. ನಾಲ್ವರು ಫುಟ್‌ಬಾಲ್ ಆಡಿ ಬಂದವರು, ಒಬ್ಬರು ತೋಟದ ಕೆಲಸದವರು, ಒಬ್ಬರು ರಸಾಯನಶಾಸ್ತ್ರದ ಮುಖ್ಯಸ್ಥರು, ಅವರದು ಮಣ್ಣಲ್ಲ ಬರೀ ಕೊಳೆ. ಏಳನೆಯವಳು ಒಬ್ಬ ಹುಡುಗಿ. ಊಟದ ಡಬ್ಬಿ ತೆರೆಸಿದಾಗ ಮೇಲಿನ ಬಟ್ಟಲಲ್ಲಿ ಅನ್ನ, ಕೆಳಗಿನದರಲ್ಲಿ ಜೇಡಿಮಣ್ಣು.

ಹೊಳೆದಂಡೆಯಲ್ಲಿ ಸಿಕ್ಕಿದವನು ಉದ್ದನೆಯ ಹುಡುಗ. ಹತ್ತೂ ಉಗುರಿನಲ್ಲಿ ಮರಳು, ಜೇಬಿನಲ್ಲಿ ನಾಲ್ಕು ಪೊಟ್ಟಣ. ಅವನನ್ನು ಕಾವಲು ಕೋಣೆಯಲ್ಲಿ ಕೂರಿಸಿದರು.

“ನಾನೇನು ಮಾಡಿದೆ ಸಾರ್?” ಎಂದನಂತೆ ಅವನು, ಅಳು ಬರುವಂತಾಗಿ.

“ಏನೂ ಮಾಡಿಲ್ಲ ಮಗಾ. ನೀನು ಕಳೆದುಹೋಗಿದ್ದೀಯ” ಎಂದನಂತೆ ಕಾವಲುಗಾರ. ಗುಬ್ಬಿ ಬರೆದದ್ದನ್ನು ತೋರಿಸಿದನಂತೆ. ಹುಡುಗ ಅದನ್ನು ಎರಡು ಸಲ ಓದಿ, “ಹೌದು ಸಾರ್, ಇದು ನಾನೇ” ಎಂದನಂತೆ.

ಆದರೆ ಉಗುರು ತೋರಿಸಿದವರೆಲ್ಲ ಸುಮ್ಮನಿರುತ್ತಾರೆಯೇ. ರಸಾಯನಶಾಸ್ತ್ರದ ಮುಖ್ಯಸ್ಥರು ಮೂರು ಪುಟದ ದೂರು ಕೊಟ್ಟರು, ನಿರ್ದೇಶಕರ ಮುಖಾಂತರ. ಮೂವತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಕುಲಸಚಿವರು ನನ್ನನ್ನೂ ಜನರಲ್ ಅವರನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಕಡತ. ಒಂದು ಕಳೆದ ವಸ್ತುಗಳ ಪುಟವನ್ನು ಮುಚ್ಚುವ ಆದೇಶ, ಇನ್ನೊಂದು ಮಣ್ಣು ವಿಜ್ಞಾನವನ್ನು ರದ್ದು ಮಾಡುವ ಆದೇಶ. ಎರಡಕ್ಕೂ ಅವರ ಸಹಿಯೊಂದೇ ಬಾಕಿ. ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದರು.

“ಯಾರನ್ನ ಕೇಳಿ ಉಗುರು ನೋಡಿದ್ರಿ?”

“ಕಳೆದ ವಸ್ತು ಪತ್ತೆ ಮಾಡೋದು ನನ್ನ ಕೆಲಸ ಸಾರ್. ಪತ್ತೆಯಾಗಿದೆ” ಎಂದು ಜನರಲ್ ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. “ಇಬ್ಬರೂ ಕೆಳಗೆ ಪುಸ್ತಕದ ವ್ಯಾನಿನಲ್ಲಿ ಕೂತಿದ್ದಾರೆ. ಗುಡ್ಡಕ್ಕೆ ತಲುಪಿಸಬೇಕು.”

ನಾಲ್ಕು ಕ್ಯಾಂಪಸ್ಸಿನ ಗ್ರಂಥಾಲಯಗಳಿಗೆ ಪುಸ್ತಕ ಹೊರುವ ವ್ಯಾನ್ ಅದು. ಸಿಕ್ಕಿದ ವಸ್ತುಗಳು ಮಾಲೀಕರಿಗೆ ಹೋಗುವುದೂ ಅದರಲ್ಲೇ.

ಮುಖಾಂತರ ಸಾಹೇಬರು ಬೈಯಲೆಂದು ರಿಜಿಸ್ಟರನ್ನು ಎಳೆದುಕೊಂಡರು. ಆದರೆ ಓದಲು ಶುರು ಮಾಡಿದ ಮೇಲೆ ಅವರ ಮುಖ ಬದಲಾಯಿತು. ಸಿಕ್ಕಿದ ಸ್ಥಳದ ಕಾವಲುಗಾರನ ಸಹಿ, ಅಲ್ಲಿಯ ಗೇಟಿನ ಮೊಹರು. ಆ ಕ್ಯಾಂಪಸ್ಸಿನ ಕಾವಲು ಮುಖ್ಯಸ್ಥನ ಸಹಿ, ಮೊಹರು. ವಸ್ತುಗಳು ಸ್ವಂತ ಇಚ್ಛೆಯಿಂದ ಹೊರಟಿವೆ ಎಂಬುದಕ್ಕೆ ವಸ್ತುಗಳ ಸಹಿ. ವ್ಯಾನ್ ಚಾಲಕ ಒಪ್ಪಿಸಿಕೊಂಡದ್ದಕ್ಕೆ ಸಹಿ, ಸಮಯ. ಜನರಲ್ ಸಹಿ, ದುಂಡು ಮೊಹರು. ಅವರು ಪ್ರತಿಯೊಂದರ ಮೇಲೂ ಬೆರಳಾಡಿಸಿದರು. ಒಂದು ಅಡ್ಡಗೀಟಿಲ್ಲ, ಒಂದು ಕಾಲಂ ಖಾಲಿಯಿಲ್ಲ. ಇಷ್ಟು ವರ್ಷ ನಾವು ಯಾರೂ ಅವರಿಗೆ ಇಂಥ ಕಾಗದ ಕೊಟ್ಟಿರಲಿಲ್ಲ.

“ಎಲ್ಲಾ ಒಬ್ಬರ ಮುಖಾಂತರ ಒಬ್ಬರಿಗೆ ಬಂದಿದೆ” ಎಂದರು ಮೆಲ್ಲಗೆ.

ನಾನು ಒಂದು ಹೆಜ್ಜೆ ಮುಂದೆ ಬಂದೆ. “ಸಾರ್, ಒಬ್ಬರನ್ನೊಬ್ಬರು ಕಂಡು ಒಪ್ಪಿದ್ದಕ್ಕೆ ಸಹಿ, ಮೊಹರು ಇರೋ ದಾಖಲೆ ಅಂತ ನಿಯಮ. ಯಾವ ವಿಭಾಗದ ರಿಜಿಸ್ಟರು ಅಂತ ನಿಯಮದಲ್ಲಿಲ್ಲ.”

ಅವರು ನನ್ನ ಕಡೆ ನೋಡಿದರು, ರಿಜಿಸ್ಟರಿನ ಕಡೆ ನೋಡಿದರು. “ಮಾಲೀಕರ ಸಹಿ ಇಲ್ಲ” ಎಂದರು. “ಐದರೊಳಗೆ ಅದು ಬಿದ್ದರೆ ನನ್ನ ಆಕ್ಷೇಪಣೆ ಇಲ್ಲ, ಎರಡೂ ಕಡತ ವಾಪಸ್. ಐದು ಹೊಡೆದ ಮೇಲೆ ಬಂದರೆ ನನ್ನನ್ನ ಕೇಳಬೇಡಿ.” ಪೆನ್ನಿಗೆ ಮುಚ್ಚಳ ಹಾಕಲಿಲ್ಲ.

ನಾನೂ ಜನರಲ್ಲೂ ವ್ಯಾನ್ ಹತ್ತಿದೆವು. ಅದು ಗುಡ್ಡ ಹತ್ತಿ ತಲುಪುವುದಕ್ಕೆ ಐದು ತಾಸಾದರೂ ಬೇಕು. ದಾರಿಯಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಇಳಿಸಬೇಕೆಂದು ಚಾಲಕ ಹಟ ಹಿಡಿದ. ನಾನೇ ಇಳಿದು ಹನ್ನೆರಡು ಕಟ್ಟು ಹೊತ್ತು ಹಾಕಿದೆ. ಹಿಂದಿನ ಸೀಟಿನಲ್ಲಿ ಉದ್ದನೆಯ ಹುಡುಗನೂ ಗಿರಣಿಯ ಹುಡುಗಿಯೂ ಒಂದು ಮಾತೂ ಆಡದೆ ಕೂತಿದ್ದರು. ಇಬ್ಬರ ಚೀಲಕ್ಕೂ ಜನರಲ್ ಚೀಟಿ ಕಟ್ಟಿದ್ದರು: ಪತ್ತೆಯಾದ ವಸ್ತು, ಭಾಗ ಒಂದು, ಭಾಗ ಎರಡು.

ತಲುಪಿದಾಗ ನಾಲ್ಕು ಹೊಡೆದು ಇಪ್ಪತ್ತು ನಿಮಿಷ. ಗುಬ್ಬಿ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ತೆಳ್ಳಗಾಗಿದ್ದಳು. ನಾವು ಬರುವುದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಯ ಕಾವಲುಗಾರನ ಜೊತೆ ನಾವೆಲ್ಲ ಸಾಲಾಗಿ ಬರುವುದನ್ನು ನೋಡಿ, ವಿಷಯ ರದ್ದಾದ ಸುದ್ದಿ ಹೇಳಲು ಬಂದೆವೆಂದುಕೊಂಡು ಎದ್ದು ನಿಂತಳು. ಕಣ್ಣು ಆಗಲೇ ತುಂಬಿತ್ತು.

ಜನರಲ್ ಸೆಟೆದು ನಿಂತು ಓದಿದರು. “ದಾಖಲೆ ಎರಡು ಸಾವಿರದ ಮುನ್ನೂರ ಆರು. ಸಹಪಾಠಿಗಳು, ಇಬ್ಬರು. ಗುರುತು ಪರೀಕ್ಷೆ ಮಾಡಿ ತಗೊಳ್ಳಮ್ಮ. ನಿಮ್ಮವರು ಅಲ್ಲ ಅನ್ನಿಸಿದ್ರೆ ಈಗಲೇ ಹೇಳಿಬಿಡಿ, ವಾಪಸ್ ಒಯ್ತೀನಿ.”

ಗುಬ್ಬಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಆ ಇಬ್ಬರ ಕೈ ನೋಡಿದಳು. ಹುಡುಗ ಎರಡೂ ಕೈ ಚಾಚಿದ್ದ, ಐದು ದಿನದ ಅಭ್ಯಾಸ. ಗಿರಣಿಯ ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ಗುಬ್ಬಿ ಅದರಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದಳು.

“ಜೇಡಿ ಜಾಸ್ತಿ” ಎಂದಳು.

“ಒದ್ದೆ ಮಾಡಿದ್ರೆ ಸೋಪಿನ ಥರ ಜಾರುತ್ತೆ” ಎಂದಳು ಗಿರಣಿಯವಳು.

“ನಮ್ಮಲ್ಲಿ ಪೂರಾ ಮರಳು, ಒಂದು ನಿಮಿಷ ನೀರು ನಿಲ್ಲಲ್ಲ” ಎಂದ ಹುಡುಗ, ಪೊಟ್ಟಣ ಬಿಚ್ಚುತ್ತಾ.

“ಸಹಿ ಮೊದಲು” ಎಂದರು ಜನರಲ್.

ಗುಬ್ಬಿ ಪೆನ್ನು ಹಿಡಿದಳು. ಆಗ ಹುಡುಗ ಗಂಟಲು ಸರಿ ಮಾಡಿಕೊಂಡ. “ಸಾರ್, ನಾನೂ ಇಬ್ಬರನ್ನ ಕಳ್ಕೊಂಡಿದ್ದೆ. ನಮ್ಮ ತರಗತೀಲೂ ನಾನೊಬ್ಬನೇ. ಹೀಗೆ ಬರೀಬಹುದು ಅಂತ ಗೊತ್ತಿರ್ಲಿಲ್ಲ ಅಷ್ಟೆ.”

“ನಾನೂ” ಎಂದಳು ಗಿರಣಿಯ ಹುಡುಗಿ.

ಜನರಲ್ ರಿಜಿಸ್ಟರನ್ನು ವಾಪಸ್ ತೆಗೆದುಕೊಂಡರು. ಅವರ ಇಷ್ಟು ವರ್ಷದ ಕೆಲಸದಲ್ಲಿ ಸಿಕ್ಕಿದ ಛತ್ರಿ ಎಂದೂ, ಈ ಮನುಷ್ಯ ನನ್ನವನು ಎಂದು ಅರ್ಜಿ ಹಾಕಿರಲಿಲ್ಲ. ಆಮೇಲೆ ಗುಂಡಿಯ ಅಂಚಿನಲ್ಲೇ ಮಂಡಿಯೂರಿ ಕೂತು, ಅಳತೆಪಟ್ಟಿ ಇಟ್ಟು ಇನ್ನೆರಡು ಸಾಲು ಎಳೆದರು. ಮೂವರೂ ಮಾಲೀಕರು, ಮೂವರೂ ವಸ್ತುಗಳು. ಮೂರು ಸಹಿ ಬಿದ್ದವು. ಗುಡ್ಡದ ಕಾವಲುಗಾರ ಮೊಹರು ಒತ್ತಿದ. ಫೋಟೋ ತೆಗೆದು ಕುಲಸಚಿವರಿಗೆ ಕಳಿಸಿದಾಗ ಗಂಟೆ ನಾಲ್ಕು ನಲವತ್ತು.

ಉತ್ತರ ಬರಲಿಲ್ಲ. ನಾಲ್ಕು ನಲವತ್ತೈದು. ನಾಲ್ಕು ಐವತ್ತು. ನಾನು ಫೋನನ್ನು ಎರಡು ಸಲ ಆರಿಸಿ ಹಚ್ಚಿದೆ. ಪ್ರೋಗ್ರಾಂ ಬರೆಯುವವರಿಗೂ ಕೊನೆಗೆ ತೋಚುವುದು ಅದೊಂದೇ. ನಾಲ್ಕು ಐವತ್ತೇಳಕ್ಕೆ ಬಂತು: “ವಸ್ತುವೇ ಮಾಲೀಕರಾಗಿರುವುದನ್ನು ನಿಯಮಾವಳಿಯಲ್ಲಿ ಎಲ್ಲೂ ನಿಷೇಧಿಸಿಲ್ಲ. ಎರಡು ಸಲ ನೋಡಿದೆ. ಅಂಗೀಕರಿಸಲಾಗಿದೆ. ತರಗತಿ ನಡೆಯಲಿ.”

ಜನರಲ್ ನನಗೆ ಬೆನ್ನು ಮಾಡಿ ಮೀಸೆ ಒರೆಸಿಕೊಂಡರು. ನಾನು ಓಡಿದೆ. ಮೂವರೂ ಆಗಲೇ ಗುಂಡಿಯೊಳಗಿದ್ದರು.

“ಗುಬ್ಬೀ, ಒಪ್ಪಿಗೆ ಸಿಕ್ತು ಕಣೇ.”

“ಹ್ಞೂಂ ಚಿಕ್ಕಮ್ಮ” ಎಂದಳು. ತಲೆ ಎತ್ತಲಿಲ್ಲ. ಕೆಂಪು ಪದರ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಮೂವರಿಗೂ ಜೋರು ಜಗಳ ಹತ್ತಿತ್ತು. ನೀನು ಹೇಳುವುದು ಶುದ್ಧ ತಪ್ಪು ಎಂದು ಆ ಉದ್ದನೆಯ ಹುಡುಗನಿಗೆ ಗದರುತ್ತಿದ್ದಳು, ಕೈ ಬೀಸಿ ಬೀಸಿ, ಥೇಟ್ ನನ್ನ ಹಾಗೆ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿ ತಿಂಗಳುಗಳಾಗಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ಮಂಜಾಯಿತು. ಅವಳು ಒಮ್ಮೆಯಾದರೂ ಮೇಲೆ ನೋಡಬಾರದಿತ್ತೇ ಎಂದು ಅನ್ನಿಸಿತು ಕೂಡ, ಸುಳ್ಳೇಕೆ ಹೇಳಲಿ.

ವ್ಯಾನ್ ಚಾಲಕ ಹಾರ್ನ್ ಮಾಡಿದ. ಬರುತ್ತೇನೆ ಎಂದು ನಾನು ಗುಂಡಿಯೊಳಕ್ಕೆ ಕೂಗಿ ಹೇಳಿದೆ. ಯಾರಿಗೂ ಕೇಳಿಸಲಿಲ್ಲ.